ಒಲಿಂಪಿಕ್ಸ್ ವೇಟ್‌ಲಿಫ್ಟಿಂಗ್: ಪದಕದ ಲೆಕ್ಕ ನೀವೇ ಹಾಕುವುದು ಹೇಗೆ?

ಒಲಿಂಪಿಕ್ಸ್ ಹತ್ತಿರ ಬಂದಾಗ ವೇಟ್‌ಲಿಫ್ಟಿಂಗ್ ಬಗ್ಗೆ ಎರಡೇ ಥರದ ಸುದ್ದಿ ಓದಲು ಸಿಗುತ್ತದೆ. ಸ್ಪರ್ಧೆಗೆ ಮೊದಲು ‘ಪದಕ ಖಚಿತ’, ಮುಗಿದ ಮೇಲೆ ‘ಕೂದಲೆಳೆಯಲ್ಲಿ ಕೈತಪ್ಪಿದ ಪದಕ’. ನಡುವೆ ಏನು ನಡೆಯಿತು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹಾಗೆ ನೋಡಿದರೆ, ಮುಂಚಿತವಾಗಿ ಲೆಕ್ಕ ಹಾಕಲು ಇಷ್ಟು ಅನುಕೂಲವಾದ ಆಟ ಒಲಿಂಪಿಕ್ಸ್‌ನಲ್ಲಿ ಕಡಿಮೆ. ಟಾಸ್ ಇಲ್ಲ, ಪಿಚ್ ಇಲ್ಲ, ಗಾಳಿ ಮಳೆಯ ಕಾಟ ಇಲ್ಲ. ಯಾರು ಎಷ್ಟು ಕೆ.ಜಿ. ಎತ್ತಿದ್ದಾರೆ ಎನ್ನುವುದು ವರ್ಷಗಟ್ಟಲೆ ಹಿಂದಿನಿಂದ ದಾಖಲಾಗಿರುತ್ತದೆ. ಒಂದು ನೋಟ್‌ಬುಕ್, ಪೆನ್ಸಿಲ್, ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಫೆಡರೇಷನ್‌ನ ಜಾಲತಾಣದಲ್ಲಿರುವ ಫಲಿತಾಂಶಗಳ ಪುಟ, ಇಷ್ಟಿದ್ದರೆ ಸಾಕು.

ಪ್ಯಾರಿಸ್ 2024ರ ನಿಯಮ ಮತ್ತು ಅಂಕಿಗಳನ್ನೇ ಇಲ್ಲಿ ಮಾದರಿಯಾಗಿ ಇಟ್ಟುಕೊಂಡಿದ್ದೇವೆ. ಅರ್ಹತೆಯ ನಿಯಮ ಪ್ರತಿ ಒಲಿಂಪಿಕ್ಸ್‌ಗೂ ಹೊಸದಾಗಿ ಬರೆಯಲ್ಪಡುತ್ತದೆ. ಆದರೆ ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ.

1. ಮೊದಲು ವಿಭಾಗ ನೋಡಿ, ಆಮೇಲೆ ಪದಕ

ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇರುವ ದೇಹತೂಕದ ವಿಭಾಗಗಳೆಲ್ಲ ಒಲಿಂಪಿಕ್ಸ್‌ನಲ್ಲಿ ಇರುವುದಿಲ್ಲ. ಟೋಕಿಯೊದಲ್ಲಿ 14 ವಿಭಾಗ ಇದ್ದವು, ಪ್ಯಾರಿಸ್‌ನಲ್ಲಿ ಅದು 10ಕ್ಕೆ ಇಳಿಯಿತು. ಪುರುಷರಿಗೆ 61, 73, 89, 102, 102ಕ್ಕಿಂತ ಮೇಲೆ. ಮಹಿಳೆಯರಿಗೆ 49, 59, 71, 81, 81ಕ್ಕಿಂತ ಮೇಲೆ. ಲಾಸ್ ಏಂಜಲೀಸ್ 2028ಕ್ಕೆ ಒಟ್ಟು 12 ವಿಭಾಗ, ಮಹಿಳೆಯರ ಅತಿ ಕಡಿಮೆ ತೂಕದ ವಿಭಾಗ 53 ಕೆ.ಜಿ.

ನಮ್ಮ ಓದುಗರು ಮೋಸ ಹೋಗುವುದು ಬಹಳ ಸಲ ಇಲ್ಲೇ. 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಜೆರೆಮಿ ಲಾಲ್‌ರಿನ್ನುಂಗ ಚಿನ್ನ ಗೆದ್ದಿದ್ದು 67 ಕೆ.ಜಿ. ವಿಭಾಗದಲ್ಲಿ, ಒಟ್ಟು 300 ಕೆ.ಜಿ. ಎತ್ತಿ. ಪ್ಯಾರಿಸ್‌ನಲ್ಲಿ 67 ಇರಲೇ ಇಲ್ಲ. ಹತ್ತಿರದ ಮೇಲಿನ ವಿಭಾಗ 73. ಅಲ್ಲಿ ಪ್ಯಾರಿಸ್‌ನ ಕಂಚು ಸಿಕ್ಕಿದ್ದು 344 ಕೆ.ಜಿ.ಗೆ. ಅಂದರೆ ಆರು ಕೆ.ಜಿ. ಮೈತೂಕ ಏರಿಸಿಕೊಂಡು, ಎತ್ತುವ ಭಾರವನ್ನು 44 ಕೆ.ಜಿ. ಹೆಚ್ಚಿಸಬೇಕು. ಮೈ ಏರಿದ ಮಾತ್ರಕ್ಕೆ ಬಾರ್ ಏರುವುದಿಲ್ಲ. ಏರಿದ ತೂಕ ಮಾಂಸಖಂಡವಾಗಿ ಕೂರಲು ಒಂದೆರಡು ವರ್ಷವಾದರೂ ಬೇಕು, ಸ್ನ್ಯಾಚ್‌ನಲ್ಲಿ, ಅಂದರೆ ಬಾರನ್ನು ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆ ಎತ್ತುವಾಗ, ಅದರ ಕೆಳಗೆ ನುಸುಳುವ ಚುರುಕು ಅಷ್ಟರಲ್ಲಿ ಕಡಿಮೆಯಾಗಿಬಿಡಬಹುದು.

ಆದ್ದರಿಂದ ನೋಟ್‌ಬುಕ್‌ನ ಮೊದಲ ಸಾಲಿನಲ್ಲಿ ಲಿಫ್ಟರ್ ಹೆಸರು, ಪಕ್ಕದಲ್ಲಿ ಈಗ ಎತ್ತುತ್ತಿರುವ ವಿಭಾಗ, ಅದರ ಪಕ್ಕದಲ್ಲಿ ಒಲಿಂಪಿಕ್ಸ್‌ನಲ್ಲಿ ಎತ್ತಬೇಕಾದ ವಿಭಾಗ ಬರೆಯಿರಿ. ಎರಡೂ ಒಂದೇ ಇಲ್ಲದಿದ್ದರೆ ಹಳೆಯ ಪದಕಗಳನ್ನು ಸದ್ಯಕ್ಕೆ ಮರೆತುಬಿಡಿ. 2025ರ ಅಕ್ಟೋಬರ್‌ನಲ್ಲಿ ನಾರ್ವೆಯ ಫೋರ್ಡೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೀರಾಬಾಯಿ ಚಾನು ಬೆಳ್ಳಿ ಗೆದ್ದಿದ್ದು 48 ಕೆ.ಜಿ.ಯಲ್ಲಿ. 2028ಕ್ಕೆ ಆ ಬೆಳ್ಳಿಯನ್ನು 53 ಕೆ.ಜಿ.ಯ ತಕ್ಕಡಿಯಲ್ಲಿ ಮತ್ತೆ ತೂಗಬೇಕಾಗುತ್ತದೆ.

ವಿಶ್ವ ದಾಖಲೆಯ ಸುದ್ದಿಗೂ ಇದೇ ಮಾತು ಅನ್ವಯ. 2025ರ ಜೂನ್ 1ರಿಂದ ವಿಭಾಗಗಳನ್ನೆಲ್ಲ ಬದಲಿಸಿದರು. ವಿಭಾಗ ಬದಲಾದಾಗ ದಾಖಲೆ ಪುಸ್ತಕವೂ ಹೊಸದಾಗುತ್ತದೆ. ಹೊಸ ಪುಸ್ತಕದ ಮೊದಲ ಪುಟಗಳಲ್ಲಿ ದಾಖಲೆ ಮುರಿಯುವುದು ಸ್ವಲ್ಪ ಸುಲಭ.

2. ಯಾವ ಕೂಟ ಲೆಕ್ಕಕ್ಕೆ ಬರುತ್ತದೆ?

ಪ್ಯಾರಿಸ್‌ನ ಅರ್ಹತೆಯ ಅವಧಿ 2022ರ ಆಗಸ್ಟ್ 1ರಿಂದ 2024ರ ಏಪ್ರಿಲ್ 28ರವರೆಗೆ. ಲೆಕ್ಕಕ್ಕಿದ್ದ ಕೂಟಗಳು ಏಳೇ: 2022ರ ವಿಶ್ವ ಚಾಂಪಿಯನ್‌ಷಿಪ್ ಬೊಗೋಟಾದಲ್ಲಿ, 2023ರದ್ದು ರಿಯಾದ್‌ನಲ್ಲಿ, 2023 ಮತ್ತು 2024ರ ಖಂಡಮಟ್ಟದ ಚಾಂಪಿಯನ್‌ಷಿಪ್‌ಗಳು, ಹವಾನಾ ಮತ್ತು ದೋಹಾದ ಗ್ರ್ಯಾನ್ ಪ್ರಿಗಳು, ಕೊನೆಗೆ ಫುಕೆಟ್‌ನ ವಿಶ್ವಕಪ್. ಇವುಗಳಲ್ಲಿ ರಿಯಾದ್ ಮತ್ತು ಫುಕೆಟ್ ಕಡ್ಡಾಯ. ಉಳಿದವುಗಳಲ್ಲಿ ಕನಿಷ್ಠ ಮೂರಕ್ಕೆ ಹೋಗಬೇಕು.

ಈ ಪಟ್ಟಿಯಲ್ಲಿ ಯಾವುದು ಇಲ್ಲ ಎನ್ನುವುದನ್ನು ಗಮನಿಸಿ. ಕಾಮನ್‌ವೆಲ್ತ್ ಚಾಂಪಿಯನ್‌ಷಿಪ್ ಇಲ್ಲ, ಕಾಮನ್‌ವೆಲ್ತ್ ಕ್ರೀಡಾಕೂಟ ಇಲ್ಲ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟವೂ ಇಲ್ಲ. ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಹೆಚ್ಚು ಜಾಗ ಸಿಗುವುದು ಈ ಮೂರಕ್ಕೇ.

‘ಹೋಗಬೇಕು’ ಎಂದರೆ ಎತ್ತಲೇಬೇಕು ಎಂದೇನಲ್ಲ, ತೂಕ ಕೊಟ್ಟರೂ ಹಾಜರಿ ಬೀಳುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಮೀರಾಬಾಯಿ ರಿಯಾದ್‌ಗೆ ಹೋಗಿ ತಕ್ಕಡಿ ಹತ್ತಿ ಇಳಿದು, ಬಾರ್ ಮುಟ್ಟದೆ ವಾಪಸಾದರು. ಮುಂದಿನ ವಾರಗಳಲ್ಲೇ ಏಷ್ಯನ್ ಕ್ರೀಡಾಕೂಟ ಇತ್ತು. ಫಲಿತಾಂಶದ ಹಾಳೆಯಲ್ಲಿ ಇಂಥ ಖಾಲಿ ಸಾಲು ಕಂಡರೆ ಗಾಯ ಎಂದು ತಕ್ಷಣ ತೀರ್ಮಾನಿಸಬೇಡಿ.

ಹಾಜರಿಯ ನಿಯಮದ ಇನ್ನೊಂದು ಮುಖ ಉತ್ತರ ಕೊರಿಯಾಗೆ ತಟ್ಟಿತು. ಹಾಂಗ್‌ಝೌನಲ್ಲಿ ಅವರ ಲಿಫ್ಟರ್‌ಗಳು ಎಲ್ಲರನ್ನೂ ಮೀರಿಸಿ ಎತ್ತಿದರು. ಆದರೆ ಅದಕ್ಕೆ ಕೆಲವೇ ವಾರ ಮೊದಲಿನ ರಿಯಾದ್ ಕೂಟಕ್ಕೆ ಬಂದಿರಲಿಲ್ಲ. ಕಡ್ಡಾಯ ಕೂಟ ತಪ್ಪಿದ ಮೇಲೆ ಎಷ್ಟು ಕೆ.ಜಿ. ಎತ್ತಿದರೇನು, ಪ್ಯಾರಿಸ್‌ಗೆ ಬಾಗಿಲು ಮುಚ್ಚಿತ್ತು.

3. ರ‍್ಯಾಂಕಿಂಗ್ ಪಟ್ಟಿ ತೆರೆದು ಹೆಸರು ಹೊಡೆಯುತ್ತಾ ಬನ್ನಿ

ಪ್ಯಾರಿಸ್‌ಗೆ ಒಟ್ಟು 120 ಲಿಫ್ಟರ್‌ಗಳು. ಪ್ರತಿ ವಿಭಾಗದಿಂದ ಅರ್ಹತಾ ರ‍್ಯಾಂಕಿಂಗ್‌ನ ಮೊದಲ ಹತ್ತು ಮಂದಿ, ಅಂದರೆ 100. ಉಳಿದ 20 ಸ್ಥಾನಗಳು ಖಂಡಗಳ ಪ್ರತಿನಿಧಿಗಳಿಗೆ, ಆತಿಥೇಯ ದೇಶಕ್ಕೆ, ಅವಕಾಶ ಕಡಿಮೆ ಇರುವ ಸಣ್ಣ ದೇಶಗಳಿಗೆ. ರ‍್ಯಾಂಕಿಂಗ್‌ಗೆ ಪಾಯಿಂಟ್ ಲೆಕ್ಕ ಇರಲಿಲ್ಲ. ಅವಧಿಯೊಳಗೆ ಲೆಕ್ಕಕ್ಕಿರುವ ಯಾವುದೇ ಕೂಟದಲ್ಲಿ ಎತ್ತಿದ ಅತ್ಯುತ್ತಮ ಒಂದು ಟೋಟಲ್, ಅಷ್ಟೇ.

ಟೋಟಲ್ ಎಂದರೆ ಸ್ನ್ಯಾಚ್‌ನ ಉತ್ತಮ ಲಿಫ್ಟ್, ಕ್ಲೀನ್ ಅಂಡ್ ಜರ್ಕ್‌ನ (ಬಾರನ್ನು ಮೊದಲು ಭುಜಕ್ಕೆ, ಅಲ್ಲಿಂದ ತಲೆಯ ಮೇಲೆ ಎತ್ತುವುದು; ಚಿಕ್ಕದಾಗಿ ಜರ್ಕ್) ಉತ್ತಮ ಲಿಫ್ಟ್, ಎರಡರ ಮೊತ್ತ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ನ್ಯಾಚ್‌ಗೊಂದು, ಜರ್ಕ್‌ಗೊಂದು, ಟೋಟಲ್‌ಗೊಂದು ಪದಕ ಕೊಡುತ್ತಾರೆ. ‘ಮೂರು ಪದಕ ಬಾಚಿದ’ ಎನ್ನುವ ಸುದ್ದಿಯ ಗುಟ್ಟು ಇದೇ. ಒಲಿಂಪಿಕ್ಸ್‌ನಲ್ಲಿ ಟೋಟಲ್‌ಗೆ ಮಾತ್ರ ಪದಕ.

ಈಗ ಪೆನ್ಸಿಲ್ ಕೆಲಸ. ಒಂದು ವಿಭಾಗಕ್ಕೆ ಒಂದು ದೇಶದಿಂದ ಒಬ್ಬರೇ. ಜೊತೆಗೆ ಒಂದು ದೇಶದಿಂದ ಹೆಚ್ಚೆಂದರೆ ಮೂವರು ಪುರುಷರು, ಮೂವರು ಮಹಿಳೆಯರು. ಪಟ್ಟಿಯಲ್ಲಿ ಮೇಲಿನಿಂದ ಕೆಳಗೆ ಬರುತ್ತಾ ಒಂದೇ ದೇಶದ ಎರಡನೇ ಹೆಸರು ಕಂಡಲ್ಲಿ ಗೀಟು ಎಳೆಯಿರಿ. 73 ಕೆ.ಜಿ.ಯಲ್ಲಿ ಇಂಡೊನೇಷ್ಯಾದ ಇಬ್ಬರು ಜಗತ್ತಿನ ತುದಿಯಲ್ಲಿದ್ದರು: ರಹಮತ್ ಎರ್ವಿನ್ ಅಬ್ದುಲ್ಲಾ ಮತ್ತು ರಿಝ್ಕಿ ಜುನಿಯಾನ್ಶಾ. ಫುಕೆಟ್‌ನಲ್ಲಿ ರಿಝ್ಕಿ 365 ಕೆ.ಜಿ. ಎತ್ತಿ ವಿಶ್ವ ದಾಖಲೆ ಮಾಡಿ ಆ ಒಂದು ಸೀಟು ಹಿಡಿದರು, ಪ್ಯಾರಿಸ್‌ನಲ್ಲಿ 354ಕ್ಕೆ ಚಿನ್ನ ಗೆದ್ದರು. ರಹಮತ್ ಮನೆಯಲ್ಲಿ ಉಳಿದರು. ಬೇರೆ ಬಹುತೇಕ ಯಾವ ದೇಶದಲ್ಲಿ ಹುಟ್ಟಿದ್ದರೂ ಅವರು ಪ್ಯಾರಿಸ್ ವೇದಿಕೆಯಲ್ಲಿ ಇರುತ್ತಿದ್ದರು.

ಎರಡನೇ ಗೀಟು ಇದಕ್ಕಿಂತ ಮುಖ್ಯ: ಚೀನಾ ಎಲ್ಲಿಗೆ ಬರುತ್ತಿಲ್ಲ? ಐದು ಮಹಿಳಾ ವಿಭಾಗಗಳಿಗೆ ಮೂವರನ್ನೇ ಕಳಿಸಬಹುದು ಎಂದಾಗ ಚೀನಾ 49, 59 ಮತ್ತು 81ಕ್ಕಿಂತ ಮೇಲಿನ ವಿಭಾಗಗಳನ್ನು ಆರಿಸಿಕೊಂಡಿತು. ಮೂರರಲ್ಲೂ ಚಿನ್ನ. ಖಾಲಿ ಬಿಟ್ಟ 71ರಲ್ಲಿ ಅಮೆರಿಕದ ಒಲಿವಿಯಾ ರೀವ್ಸ್, 81ರಲ್ಲಿ ನಾರ್ವೆಯ ಸೋಲ್‌ಫ್ರಿಡ್ ಕೊಆಂಡಾ ಗೆದ್ದರು. ಪುರುಷರಲ್ಲಿ 61, 73, 102ಕ್ಕೆ ಚೀನಾ ಬಂತು. 89ರಲ್ಲಿ ಬಲ್ಗೇರಿಯಾದ ಕಾರ್ಲೊಸ್ ನಾಸರ್ 404 ಕೆ.ಜಿ.ಯ ವಿಶ್ವ ದಾಖಲೆಯೊಂದಿಗೆ ಗೆದ್ದರು, ಅತಿ ಭಾರದ ವಿಭಾಗದಲ್ಲಿ ಜಾರ್ಜಿಯಾದ ಲಾಷಾ ತಲಖಾಡ್ಜೆ 470ಕ್ಕೆ ಮೂರನೇ ಒಲಿಂಪಿಕ್ ಚಿನ್ನ ಪಡೆದರು. ಕೋಟಾ ಬಿಗಿಯಾದಷ್ಟೂ ದೊಡ್ಡ ದೇಶಗಳು ಖಚಿತ ಚಿನ್ನದ ಕಡೆ ಹೋಗುತ್ತವೆ, ಬಿಟ್ಟ ಜಾಗದಲ್ಲಿ ಉಳಿದವರಿಗೆ ಉಸಿರಾಡಲು ಅವಕಾಶ. ಸಣ್ಣ ತಂಡದ ಆಯ್ಕೆಗಾರನಾಗಿದ್ದರೆ ನಾನು ಮೊದಲು ನೋಡುವುದು ಈ ಖಾಲಿ ಮನೆಗಳನ್ನೇ.

4. ‘ಕಂಚಿನ ಗೆರೆ’ ಎಳೆಯಿರಿ

ಹೆಸರು ಹೊಡೆದ ಮೇಲೆ ಉಳಿದ ಪಟ್ಟಿಯಲ್ಲಿ ಮೂರನೆಯವರ ಟೋಟಲ್ ಯಾವುದೋ ಅದು ತಾತ್ಕಾಲಿಕ ಕಂಚಿನ ಗೆರೆ. ಹಿಂದಿನ ಒಲಿಂಪಿಕ್ಸ್‌ನ ಕಂಚಿನ ಟೋಟಲ್ ಅನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ನಮ್ಮ ಲಿಫ್ಟರ್ ಈ ಗೆರೆಯಿಂದ ಎಷ್ಟು ಕೆಳಗಿದ್ದಾರೆ ಎನ್ನುವುದೇ ಅಸಲಿ ಪ್ರಶ್ನೆ.

ಕುಂದಾಪುರದ ಗುರುರಾಜ ಪೂಜಾರಿ ಅವರ ಉದಾಹರಣೆ ತೆಗೆದುಕೊಳ್ಳೋಣ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ 249 ಕೆ.ಜಿ. ಎತ್ತಿ ಬೆಳ್ಳಿ ತಂದರು. 2022ರಲ್ಲಿ ಬರ್ಮಿಂಗ್‌ಹ್ಯಾಂನಲ್ಲಿ 61 ಕೆ.ಜಿ.ಗೆ ಏರಿ, ಸ್ನ್ಯಾಚ್ 118, ಜರ್ಕ್ 151, ಒಟ್ಟು 269ಕ್ಕೆ ಕಂಚು. ಅದೇ ಕೂಟದ ಚಿನ್ನ 285. ಎರಡು ವರ್ಷದ ನಂತರ ಪ್ಯಾರಿಸ್‌ನ 61 ಕೆ.ಜಿ.ಯಲ್ಲಿ ಚೀನಾದ ಲಿ ಫಾಬಿನ್ 310, ಥಾಯ್ಲೆಂಡ್‌ನ ತೀರಪಾಂಗ್ ಸಿಲಚಾಯ್ 303, ಅಮೆರಿಕದ ಹ್ಯಾಂಪ್ಟನ್ ಮಾರಿಸ್ 298. ಕಾಮನ್‌ವೆಲ್ತ್ ಕಂಚಿಗೂ ಒಲಿಂಪಿಕ್ ಕಂಚಿಗೂ ನಡುವೆ 29 ಕೆ.ಜಿ. 73ರಲ್ಲಿ ಅಚಿಂತ ಶೆವುಲಿ ಬರ್ಮಿಂಗ್‌ಹ್ಯಾಂ ಚಿನ್ನ ಗೆದ್ದಿದ್ದು 313ಕ್ಕೆ, ಪ್ಯಾರಿಸ್ ಕಂಚು 344ಕ್ಕೆ, ಅಂತರ 31. ಇದು ಇವರ ಸಾಧನೆ ಸಣ್ಣದೆನ್ನುವ ಮಾತಲ್ಲ. ಚೀನಾ, ಥಾಯ್ಲೆಂಡ್, ಇಂಡೊನೇಷ್ಯಾ, ಬಲ್ಗೇರಿಯಾ, ಜಾರ್ಜಿಯಾ, ಅರ್ಮೇನಿಯಾ, ಕೊಲಂಬಿಯಾ, ಇರಾನ್ ಇವ್ಯಾವುವೂ ಕಾಮನ್‌ವೆಲ್ತ್ ದೇಶಗಳಲ್ಲ. ಹೋಬಳಿ ಮಟ್ಟದ ಅಳತೆಗೋಲು ಬೇರೆ, ರಾಜ್ಯ ಮಟ್ಟದ್ದು ಬೇರೆ ಎಂಬಂತೆ ಇದೂ.

ಕಂಚಿನ ಗೆರೆ ಕಲ್ಲಿನಲ್ಲಿ ಕೊರೆದದ್ದೂ ಅಲ್ಲ. ಮಹಿಳೆಯರ 49 ಕೆ.ಜಿ. ಟೋಕಿಯೊದಲ್ಲೂ ಇತ್ತು, ಪ್ಯಾರಿಸ್‌ನಲ್ಲೂ ಇತ್ತು. ಟೋಕಿಯೊದಲ್ಲಿ ಕಂಚು 194ಕ್ಕೆ ಸಿಕ್ಕಿತು, ಪ್ಯಾರಿಸ್‌ನಲ್ಲಿ 200ಕ್ಕೆ. ಆರು ಕೆ.ಜಿ. ಜಿಗಿತ ಎಲ್ಲಿಂದ ಬಂತು? ಡೋಪಿಂಗ್ ಪ್ರಕರಣಗಳು ಹೆಚ್ಚಾಗಿದ್ದಕ್ಕೆ ಥಾಯ್ಲೆಂಡ್, ರೊಮೇನಿಯಾ, ಈಜಿಪ್ಟ್, ಮಲೇಷ್ಯಾಗಳಿಗೆ ಟೋಕಿಯೊದಲ್ಲಿ ಪ್ರವೇಶ ಇರಲಿಲ್ಲ. ಪ್ಯಾರಿಸ್‌ಗೆ ಅವು ಮರಳಿದವು. 49ರಲ್ಲಿ ಬೆಳ್ಳಿ ರೊಮೇನಿಯಾದ ಪಾಲಾಯಿತು, ಕಂಚು ಥಾಯ್ಲೆಂಡ್‌ನ ಪಾಲಾಯಿತು. ನಾಲ್ಕನೆಯವರಾಗಿ 199 ಎತ್ತಿದ ಮೀರಾಬಾಯಿಗೆ ಟೋಕಿಯೊದ ಲೆಕ್ಕದಲ್ಲಾದರೆ ಕಂಚು ಸಿಗುತ್ತಿತ್ತು. ಹಾಗಾಗಿ ಗೆರೆ ಎಳೆಯುವಾಗ ಹಿಂದಿನ ಸಲ ಯಾರು ಇರಲಿಲ್ಲ, ಈ ಸಲ ಯಾರು ಮರಳುತ್ತಿದ್ದಾರೆ ಎಂದು ಕೇಳಿಕೊಳ್ಳಿ. ಫೋರ್ಡೆಯಲ್ಲಿ 48 ಕೆ.ಜಿ. ಚಿನ್ನವನ್ನು ಉತ್ತರ ಕೊರಿಯಾದ ರಿ ಸಾಂಗ್ ಗುಮ್ 213ಕ್ಕೆ ಗೆದ್ದರು, ಬೆಳ್ಳಿ 199ಕ್ಕೆ. ಮರಳಿ ಬಂದವರು ಇಡೀ ಪಟ್ಟಿಯನ್ನೇ ಒಂದು ಮೆಟ್ಟಿಲು ಕೆಳಗೆ ತಳ್ಳುವುದೆಂದರೆ ಹೀಗೆ.

5. ಲಿಫ್ಟರ್‌ನ ನಿಜವಾದ ಅಂಕಿ ಯಾವುದು?

ರ‍್ಯಾಂಕಿಂಗ್ ತೋರಿಸುವುದು ಹಳೆಯ ಅತ್ಯುತ್ತಮವನ್ನು, ಇವತ್ತಿನ ಶಕ್ತಿಯನ್ನಲ್ಲ. ಮೀರಾಬಾಯಿ ಪ್ಯಾರಿಸ್‌ಗೆ ಅರ್ಹತೆ ಪಡೆದ ಟೋಟಲ್ 200, ಅದು 2022ರ ಡಿಸೆಂಬರ್‌ನಲ್ಲಿ ಬೊಗೋಟಾದಲ್ಲಿ ಎತ್ತಿದ್ದು. ಆಮೇಲೆ ಹಾಂಗ್‌ಝೌನಲ್ಲಿ 191 ಎತ್ತಿ ಸೊಂಟದ ಗಾಯಕ್ಕೆ ಸಿಕ್ಕಿದರು. ಚೇತರಿಸಿಕೊಂಡು 2024ರ ಏಪ್ರಿಲ್ ಹೊತ್ತಿಗೆ ಫುಕೆಟ್‌ನಲ್ಲಿ ಎತ್ತಿದ್ದು 184. ರ‍್ಯಾಂಕಿಂಗ್ ನೋಡಿದವನಿಗೆ ಪದಕ ಖಚಿತ ಅನ್ನಿಸಿತು, ಫುಕೆಟ್ ನೋಡಿದವನಿಗೆ ಪದಕ ದೂರ ಅನ್ನಿಸಿತು. ಪ್ಯಾರಿಸ್‌ನಲ್ಲಿ ಬಂದಿದ್ದು 199.

ಅದಕ್ಕೇ ಒಂದರ ಬದಲು ಮೂರು ಅಂಕಿ ಬರೆದುಕೊಳ್ಳಿ. ಕಳೆದ ಎರಡು ವರ್ಷದ ಸ್ಪರ್ಧೆಗಳಲ್ಲಿನ ಗರಿಷ್ಠ ಟೋಟಲ್ ಒಂದು. ಕೊನೆಯ ಮೂರು ಸ್ಪರ್ಧೆಗಳ ಸರಾಸರಿ ಎರಡನೆಯದು. ಸಾಮಾನ್ಯವಾಗಿ ಆರಂಭಿಸುವ ಸ್ನ್ಯಾಚ್ ಮತ್ತು ಆರಂಭಿಸುವ ಜರ್ಕ್‌ನ ಮೊತ್ತ ಮೂರನೆಯದು, ಇದು ಕೆಟ್ಟ ದಿನದ ಲೆಕ್ಕ. ಸರಾಸರಿಯೇ ಕಂಚಿನ ಗೆರೆ ದಾಟಿದ್ದರೆ ‘ಪದಕದ ನಿರೀಕ್ಷೆ’ ಎನ್ನಬಹುದು. ಗರಿಷ್ಠ ಮಾತ್ರ ದಾಟಿದ್ದರೆ ‘ಎಲ್ಲವೂ ಸರಿಹೋದರೆ’ ಎನ್ನಬೇಕು. ಗರಿಷ್ಠವೂ ದಾಟದಿದ್ದರೆ ಸುಮ್ಮನಿರುವುದು ಮೇಲು. ತರಬೇತಿಯಲ್ಲಿ ಎತ್ತಿದ ವಿಡಿಯೊಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅಲ್ಲಿ ಮೈತೂಕ ಎಷ್ಟಿತ್ತೋ ಗೊತ್ತಿಲ್ಲ, ಮೂವರು ರೆಫ್ರಿಗಳೂ ಇರಲಿಲ್ಲ.

ಸ್ನ್ಯಾಚ್ ಮತ್ತು ಜರ್ಕ್ ಎರಡನ್ನೂ ಬೇರೆ ಕಾಲಂನಲ್ಲಿ ಇಡಿ. ಜರ್ಕ್‌ನಲ್ಲಿ ಬಲವಿರುವ ಲಿಫ್ಟರ್‌ಗೆ ಒಂದು ಅನುಕೂಲ ಇದೆ: ಎದುರಾಳಿಯ ಸ್ನ್ಯಾಚ್ ಆಗಲೇ ಮುಗಿದಿರುವುದರಿಂದ ಎಷ್ಟು ಬೇಕೆಂದು ಲೆಕ್ಕ ಹಾಕಿ ಎತ್ತಬಹುದು. ಫೋರ್ಡೆಯಲ್ಲಿ ಥಾಯ್ಲೆಂಡ್‌ನ ಲಿಫ್ಟರ್ ಸ್ನ್ಯಾಚ್‌ನಲ್ಲಿ 88, ಮೀರಾಬಾಯಿ 84. ನಾಲ್ಕು ಕೆ.ಜಿ. ಹಿಂದೆ. ಜರ್ಕ್‌ನಲ್ಲಿ ಅವರದು 110, ಇವರದು 115. ಒಟ್ಟು 198ಕ್ಕೆ ಎದುರು 199.

ಕೊನೆಯದಾಗಿ, ‘ಟೋಟಲ್ ಆಗದ’ ದಿನಗಳನ್ನು ಎಣಿಸಿ. ಜರ್ಕ್‌ನ ಮೂರೂ ಯತ್ನ ತಪ್ಪಿದರೆ ಸ್ನ್ಯಾಚ್ ಎಷ್ಟೇ ಚೆನ್ನಾಗಿದ್ದರೂ ಟೋಟಲ್ ಇಲ್ಲ, ಸ್ಥಾನ ಇಲ್ಲ. ರಿಯೊ 2016ರಲ್ಲಿ ಮೀರಾಬಾಯಿಗೆ ಆಗಿದ್ದು ಇದೇ. ಪ್ಯಾರಿಸ್‌ನಲ್ಲಿ ಚೀನಾದ ಶಿ ಝಿಯಾಂಗ್ 165 ಸ್ನ್ಯಾಚ್ ಮಾಡಿಯೂ ಜರ್ಕ್‌ನಲ್ಲಿ ಮೂರು ಸಲ ಸೋತು ಬರಿಗೈಲಿ ಹೋದರು. ಇದಕ್ಕೆ ಸಾಮಾನ್ಯ ಕಾರಣ ಆರಂಭದ ಭಾರವನ್ನು ತೀರಾ ಮೇಲೆ ಇಡುವುದು, ಇಲ್ಲವೇ ಮೈತೂಕ ಇಳಿಸಲು ನೀರು ಬಿಟ್ಟು ಕಾಲಲ್ಲಿ ಕಸುವು ಉಳಿಯದಿರುವುದು.

6. ಸ್ಪರ್ಧೆಯ ದಿನ: ಟಿ.ವಿ. ಮುಂದೆ ಪೆನ್ಸಿಲ್ ಹಿಡಿದು

ತೂಕ ನೋಡುವುದು ಸ್ಪರ್ಧೆಗೆ ಎರಡು ಗಂಟೆ ಮೊದಲು ಶುರುವಾಗಿ ಒಂದು ಗಂಟೆ ನಡೆಯುತ್ತದೆ. ಆಗಲೇ ಆರಂಭದ ಭಾರವನ್ನು ಬರೆದುಕೊಡಬೇಕು. ಎರಡು ಆರಂಭಗಳ ಮೊತ್ತ, ಹೆಸರು ನೋಂದಾಯಿಸುವಾಗ ಕೊಟ್ಟ ಟೋಟಲ್‌ಗಿಂತ 20 ಕೆ.ಜಿ.ಗಿಂತ ಹೆಚ್ಚು ಕೆಳಗೆ ಇರುವಂತಿಲ್ಲ. 200 ಎಂದು ನೋಂದಾಯಿಸಿದವರು ಕನಿಷ್ಠ 180ರಿಂದ ಶುರು ಮಾಡಬೇಕು. ಎದುರಾಳಿಯನ್ನು ಹೆದರಿಸಲು ದೊಡ್ಡ ಟೋಟಲ್ ಬರೆಸುವ ಆಸೆಗೆ ಈ ನಿಯಮವೇ ಮೂಗುದಾರ.

ಸ್ನ್ಯಾಚ್‌ಗೆ ಮೂರು ಯತ್ನ, ಜರ್ಕ್‌ಗೆ ಮೂರು, ನಡುವೆ ಹತ್ತು ನಿಮಿಷ ಬಿಡುವು. ಬಾರ್ ಮೇಲಿನ ಭಾರ ಏರುತ್ತಲೇ ಹೋಗುತ್ತದೆ, ಇಳಿಯುವುದಿಲ್ಲ. ಕಡಿಮೆ ಭಾರ ಕೇಳಿದವರು ಮೊದಲು ಬರುತ್ತಾರೆ. ಹೆಸರು ಕರೆದ ಮೇಲೆ ಒಂದು ನಿಮಿಷ, ತನ್ನ ಬೆನ್ನಿಗೆ ತಾನೇ ಮತ್ತೆ ಬರಬೇಕಾದರೆ ಎರಡು ನಿಮಿಷ. ಗಡಿಯಾರದಲ್ಲಿ 30 ಸೆಕೆಂಡ್ ಉಳಿದಾಗ ಗಂಟೆ ಹೊಡೆಯುತ್ತದೆ. ಅದಕ್ಕೆ ಮೊದಲು ಭಾರ ಬದಲಿಸಬಹುದು, ಒಂದು ಯತ್ನಕ್ಕೆ ಎರಡು ಸಲ. ಒಂದು ಕೆ.ಜಿ. ಹೆಚ್ಚಿಸಿ ಬೇರೊಬ್ಬರನ್ನು ಮುಂದೆ ಕಳಿಸಿ ತಮ್ಮ ಹುಡುಗಿಗೆ ಒಂದು ನಿಮಿಷದ ಉಸಿರು ಗಳಿಸಿಕೊಡುವುದು ಕೋಚ್‌ಗಳ ಹಳೇ ಆಟ. ತೆರೆಯ ಮೇಲೆ ಸಂಖ್ಯೆ ಪದೇಪದೇ ಬದಲಾಗುತ್ತಿದ್ದರೆ ಗಾಬರಿ ಬೇಡ, ಒಳಗೆ ಚದುರಂಗ ನಡೆಯುತ್ತಿದೆ.

ಭಾರವನ್ನು ಪ್ಲೇಟ್‌ನ ಬಣ್ಣ ನೋಡಿಯೇ ಓದಬಹುದು. ಕೆಂಪು 25, ನೀಲಿ 20, ಹಳದಿ 15, ಹಸಿರು 10. ಸಣ್ಣವುಗಳಲ್ಲಿ ಅದೇ ಕ್ರಮ: ಕೆಂಪು 2.5, ನೀಲಿ 2, ಹಳದಿ 1.5, ಹಸಿರು 1, ಬಿಳಿ ಅರ್ಧ ಕೆ.ಜಿ. ಮಹಿಳೆಯರ ಬಾರ್ 15 ಕೆ.ಜಿ., ಪುರುಷರದು 20. ಪ್ಲೇಟ್ ಜಾರದಂತೆ ಹಿಡಿಯುವ ಎರಡು ಕಾಲರ್ ಸೇರಿ 5. ಹಾಗಾಗಿ ಮಹಿಳೆಯರ ಸ್ಪರ್ಧೆಯಲ್ಲಿ ಭಾರದಿಂದ 20 ಕಳೆದು ಅರ್ಧ ಮಾಡಿ, ಪುರುಷರದ್ದಾದರೆ 25 ಕಳೆಯಿರಿ. 114 ಎಂದರೆ ಒಂದೊಂದು ಬದಿಗೆ 47: ಒಂದು ದೊಡ್ಡ ಕೆಂಪು, ಒಂದು ದೊಡ್ಡ ನೀಲಿ, ಒಂದು ಸಣ್ಣ ನೀಲಿ.

ಈ 114ನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಪ್ಯಾರಿಸ್, 2024ರ ಆಗಸ್ಟ್ 7, ಮಹಿಳೆಯರ 49 ಕೆ.ಜಿ. ಸ್ನ್ಯಾಚ್ ಮುಗಿದಾಗ ಹಾಳೆ ಹೀಗಿತ್ತು:

ರೊಮೇನಿಯಾದ ಮಿಹೇಲಾ ಕಾಂಬೇಯ್ 93
ಚೀನಾದ ಹೌ ಝಿಹುಯಿ 89
ಥಾಯ್ಲೆಂಡ್‌ನ ಸುರೋದ್ಚನಾ ಖಾಂಬಾವೊ 88
ಮೀರಾಬಾಯಿ ಚಾನು 88

ಮೀರಾಬಾಯಿಯ ಸ್ನ್ಯಾಚ್‌ನಲ್ಲಿ 85 ಬಂತು, 88 ಒಂದು ಸಲ ತಪ್ಪಿ ಮರುಯತ್ನದಲ್ಲಿ ಬಂತು. ಜರ್ಕ್ 111ರಿಂದ ಶುರು. ಮೊದಲನೇ ಸಲ ತಪ್ಪಿತು, ಎರಡನೇ ಸಲ ಬಂತು, ಟೋಟಲ್ 199. ಖಾಂಬಾವೊ 112 ಎತ್ತಿ 200 ಮುಟ್ಟಿದರು. ಮೀರಾಬಾಯಿಗೆ ಉಳಿದದ್ದು ಒಂದೇ ಯತ್ನ. ಎಷ್ಟು ಕೇಳಬೇಕು?

112 ಎತ್ತಿದರೆ 200, ಸಮ. ಆದರೆ ಸಮ ಬಂದರೆ ಆ ಟೋಟಲ್ ಮೊದಲು ಮುಟ್ಟಿದವರೇ ಮೇಲೆ. ಹಾಗಾಗಿ 112 ಉಪಯೋಗವಿಲ್ಲ. 113 ಎತ್ತಿದರೆ 201, ಕಂಚು. ಕೇಳಿದ್ದು 114. ಬದಿಗೆ ಅರ್ಧ ಕೆ.ಜಿ. ವ್ಯತ್ಯಾಸ: ಸಣ್ಣ ಹಳದಿಯ ಬದಲು ಸಣ್ಣ ನೀಲಿ. ಬಾರ್ ನೆಲಕ್ಕೆ ಬಿತ್ತು. 113 ಆಗಿದ್ದರೆ ಎತ್ತುತ್ತಿದ್ದರೇ ಎಂದು ಯಾರೂ ಹೇಳಲಾರರು. ನನ್ನ ಮಟ್ಟಿಗೆ ಪದಕ ಜಾರಿದ್ದು 114ರಲ್ಲಿ ಅಲ್ಲ, ತಪ್ಪಿದ ಮೊದಲ 111ರಲ್ಲಿ. ಅದು ಮೊದಲ ಯತ್ನಕ್ಕೇ ಬಂದಿದ್ದರೆ ಮುಂದಿನ ಭಾರಕ್ಕೆ ಎರಡು ಅವಕಾಶ ಇರುತ್ತಿದ್ದವು.

ಅದೇ ಲೆಕ್ಕ ಚಿನ್ನಕ್ಕೂ ನಡೆಯಿತು. ಕಾಂಬೇಯ್ 112 ಎತ್ತಿ 205ಕ್ಕೆ ನಿಂತಿದ್ದರು. ಹೌ ಝಿಹುಯಿಗೆ 116 ಎತ್ತಿದರೆ ಸಮ, ಮೊದಲು ಮುಟ್ಟಿದವರು ಕಾಂಬೇಯ್. ಆದ್ದರಿಂದ 117 ಕೇಳಿದರು, ಕೊನೆಯ ಯತ್ನದಲ್ಲಿ ಎತ್ತಿದರು, 206ಕ್ಕೆ ಚಿನ್ನ.

ಸಮಬಲದ ನಿಯಮ ಹಿಂದೆ ಬೇರೆ ಇತ್ತು: ಮೈತೂಕ ಕಡಿಮೆ ಇದ್ದವರು ಮೇಲೆ. 2000ದ ಸಿಡ್ನಿಯ 69 ಕೆ.ಜಿ.ಯಲ್ಲಿ ಚೀನಾದ ಲಿನ್ ವೀನಿಂಗ್, ಹಂಗೆರಿಯ ಎರ್ಝೆಬೆಟ್ ಮಾರ್ಕುಸ್ ಇಬ್ಬರದೂ 242.5. ಹಗುರ ಇದ್ದ ಲಿನ್‌ಗೆ ಚಿನ್ನ. 110 ಮತ್ತು 130 ಸೇರಿ 240 ಎತ್ತಿದ ನಮ್ಮ ಕರ್ಣಂ ಮಲ್ಲೇಶ್ವರಿಗೆ ಕಂಚು. ಚಿನ್ನಕ್ಕೂ ಕಂಚಿಗೂ ಎರಡೂವರೆ ಕೆ.ಜಿ. ಅಂತರ, ಆಗ ಬಾರ್ ಏರುತ್ತಿದ್ದದ್ದೂ ಎರಡೂವರೆ ಕೆ.ಜಿ. ಮೆಟ್ಟಿಲಲ್ಲೇ. ಹಳೆಯ ಲೇಖನಗಳಲ್ಲಿ ‘ಮೈತೂಕದ ಆಧಾರದಲ್ಲಿ ಚಿನ್ನ’ ಎಂದು ಓದಿದ್ದನ್ನು ಈಗಿನ ಸ್ಪರ್ಧೆಗೆ ಅನ್ವಯಿಸಬೇಡಿ.

ದೀಪಗಳ ವಿಚಾರ. ಮೂವರು ರೆಫ್ರಿಗಳಲ್ಲಿ ಇಬ್ಬರು ಬಿಳಿ ಕೊಟ್ಟರೆ ಲಿಫ್ಟ್ ಸರಿ. ಬಾರ್ ಮೇಲೆ ಹೋಗಿ ನಿಂತಂತೆ ಕಂಡರೂ ಕೆಂಪು ಬಿದ್ದರೆ ಮೊಣಕೈ ನೋಡಿ: ಬಗ್ಗಿದ ಕೈಯನ್ನು ಒತ್ತಿ ನೆಟ್ಟಗೆ ಮಾಡಿದರೆ ಅದು ಪ್ರೆಸ್ ಔಟ್, ತಪ್ಪು. ಪಾದಗಳು ಒಂದೇ ಸಾಲಿಗೆ ಬಂದು, ಬಾರ್ ಅಲುಗಾಡದೆ ನಿಂತು, ಇಳಿಸು ಎಂಬ ಸೂಚನೆ ಬರುವ ಮೊದಲೇ ಬಿಟ್ಟರೂ ತಪ್ಪು. ಮೇಲೆ ಜ್ಯೂರಿ ಕೂತಿರುತ್ತಾರೆ, ವಿಡಿಯೊ ನೋಡಿ ತೀರ್ಪು ತಿರುಗಿಸಬಹುದು. ತಂಡಕ್ಕೂ ಚಾಲೆಂಜ್ ಮಾಡುವ ಅವಕಾಶ ಇದೆ. ಹಾಗಾಗಿ ದೀಪ ಬಿದ್ದ ತಕ್ಷಣ ಪೆನ್ನಿನಲ್ಲಿ ಬರೆಯಬೇಡಿ, ಪೆನ್ಸಿಲ್ ಹಿಡಿಯಿರಿ ಎಂದದ್ದು ಇದಕ್ಕೇ.

7. ಹಾಳೆಯನ್ನು ಎಸೆಯಬೇಡಿ

ಈ ಆಟದಲ್ಲಿ ಫಲಿತಾಂಶ ವರ್ಷಗಳ ನಂತರವೂ ಬದಲಾಗುತ್ತದೆ. ಮೂತ್ರದ ಮಾದರಿಗಳನ್ನು ಕಾಪಿಟ್ಟು, ಹೊಸ ಪರೀಕ್ಷಾ ವಿಧಾನ ಬಂದಾಗ ಮತ್ತೆ ತೆರೆಯುತ್ತಾರೆ. ಬೀಜಿಂಗ್ 2008ರಲ್ಲಿ ಚಿನ್ನ ಗೆದ್ದಿದ್ದ ಚೀನಾದ ಮೂವರು ಮಹಿಳೆಯರು, ಚೆನ್ ಶಿಯೆಶಿಯಾ, ಲಿಯು ಚುನ್‌ಹಾಂಗ್, ಕಾವೊ ಲೀ, ಹೀಗೆಯೇ ಪದಕ ಕಳೆದುಕೊಂಡರು. ಲಂಡನ್ 2012ರ ಪುರುಷರ 94 ಕೆ.ಜಿ. ಹಾಳೆ ನೋಡಿದರೆ ತಲೆ ತಿರುಗುತ್ತದೆ. ಮೊದಲ ನಾಲ್ಕೂ ಮಂದಿ ಅನರ್ಹರಾದರು. ಐದನೆಯವರಾಗಿದ್ದ ಇರಾನಿನ ಸಯೀದ್ ಮೊಹಮ್ಮದ್‌ಪುರ್‌ಗೆ ಚಿನ್ನ ಬಂತು. ದಕ್ಷಿಣ ಕೊರಿಯಾದ ಕಿಮ್ ಮಿನ್ ಜೇ ಎಂಟರಿಂದ ಬೆಳ್ಳಿಗೆ ಏರಿದರು. ಒಂಬತ್ತನೇ ಸ್ಥಾನದಲ್ಲಿದ್ದ ಪೋಲೆಂಡ್‌ನ ತೊಮಾಷ್ ಝೆಲಿನ್‌ಸ್ಕಿಗೆ ಕಂಚು ಸಿಕ್ಕಿತು, ಅದೇ ಝೆಲಿನ್‌ಸ್ಕಿಯನ್ನು ರಿಯೊ 2016ರಿಂದ ಡೋಪಿಂಗ್ ಕಾರಣಕ್ಕೆ ಮನೆಗೆ ಕಳಿಸಿದ್ದರು.

ನಾಲ್ಕು, ಐದು, ಆರನೇ ಸ್ಥಾನದವರ ಟೋಟಲ್‌ಗಳನ್ನೂ ಬರೆದಿಡಿ. ಮುಂದಿನ ಒಲಿಂಪಿಕ್ಸ್‌ಗೆ ಕಂಚಿನ ಗೆರೆ ಎಳೆಯುವಾಗ ಅಧಿಕೃತ ಪಟ್ಟಿಯನ್ನು ಮತ್ತೊಮ್ಮೆ ತೆರೆದು, ಹಳೆಯ ಹಾಳೆಯ ಹೆಸರುಗಳಲ್ಲಿ ಎಷ್ಟು ಉಳಿದಿವೆ ಎಂದು ತಾಳೆ ನೋಡಿ.